ತೀರಿಹೋದ ಗೆಳೆಯನ ಲೋಟ

ಕುಡಿಯುವ ಹಾಡು ಅಂದ ಕೂಡಲೇ ನನಗೆ ನಮ್ಮಪ್ಪ ನೆನಪಾಗುತ್ತಾರೆ. ಅವರು ಇಲ್ಲೇ ಮುಂಬಯಿಯ ಫೋರ್ಟಿನಲ್ಲಿ ಒಂದು ಪರ್ಮಿಟ್ ರೂಮಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವರು. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು, ಮೊದಲು ಮೇಜು ಒರೆಸಿ, ಆಮೇಲೆ ವೇಟರ್ ಆಗಿ, ಕೊನೆಗೆ ಗಲ್ಲಾಕ್ಕೆ ಬಂದರು. ಅಷ್ಟು ವರ್ಷ ಕುಡಿಯುವವರ ನಡುವೆಯೇ ಇದ್ದು ಒಂದು ಹನಿ ಬಾಯಿಗೆ ಹಾಕಲಿಲ್ಲ. ಕುಡಿಯುವವರ ಬಗ್ಗೆ ಹಗುರವಾಗಿ ಮಾತಾಡಿದ್ದೂ ಇಲ್ಲ.

ಊರ ಕಡೆಯವರಿಗೆ ಪರ್ಮಿಟ್ ರೂಮ್ ಅಂದರೆ ಏನು ಅಂತ ಹೇಳಬೇಕು. ಇಲ್ಲಿ 1949ರ ಪಾನನಿಷೇಧ ಕಾಯ್ದೆ ಈಗಲೂ ಇದೆ. ಲೆಕ್ಕಪ್ರಕಾರ ಕುಡಿಯುವವನ ಹತ್ತಿರ ಸರ್ಕಾರದ ಪರ್ಮಿಟ್ ಇರಬೇಕು. ಹಾಗಾಗಿ ಬಾರಿನ ಬೋರ್ಡಿನ ಮೇಲೆ ಪರ್ಮಿಟ್ ರೂಮ್ ಅಂತ ಬರೆದಿರುತ್ತದೆ. ನಮ್ಮ ಕರಾವಳಿಯವರು ನಡೆಸುವಂಥವು ಈ ಊರಿನಲ್ಲಿ ಬೇಕಾದಷ್ಟಿವೆ.

ಅಪ್ಪ ಒಂದು ಸಂಗತಿಯನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಪ್ರತಿ ಶುಕ್ರವಾರ ಸಂಜೆ ಇಬ್ಬರು ಗಿರಾಕಿಗಳು ಬರುತ್ತಿದ್ದರಂತೆ, ಒಂದೇ ಮೂಲೆ, ಒಂದೇ ಮೇಜು, ತಲಾ ಎರಡು ಪೆಗ್, ಹುರಿದ ಶೇಂಗಾ, ಅಷ್ಟೇ. ಒಂದು ಶುಕ್ರವಾರ ಒಬ್ಬರೇ ಬಂದರು. ವೇಟರ್ ಒಂದು ಗ್ಲಾಸ್ ತಂದಿಟ್ಟ. ಎರಡು ತಾ ಅಂದರು. ಒಂದನ್ನು ತಮ್ಮ ಮುಂದೆ ಇಟ್ಟುಕೊಂಡು, ಇನ್ನೊಂದನ್ನು ಎದುರಿನ ಖಾಲಿ ಕುರ್ಚಿಯ ಮುಂದೆ ಇಟ್ಟರು. ತಮ್ಮದನ್ನು ನಿಧಾನವಾಗಿ ಕುಡಿದರು. ಆಮೇಲೆ ಎದ್ದು ನಿಂತು, ಆ ಇನ್ನೊಂದು ಗ್ಲಾಸನ್ನು ಎತ್ತಿ, ನಿಂತುಕೊಂಡೇ ಖಾಲಿ ಮಾಡಿ, ಗಲ್ಲಾದ ಹತ್ತಿರ ಬಂದರು. ಎರಡನೆಯ ಗ್ಲಾಸಿನ ದುಡ್ಡು ಬೇಡ ಅಂದರಂತೆ ಅಪ್ಪ. "ಬೇಡ ಅನ್ಬೇಡಿ, ಇದು ಅವನ ಬಿಲ್ಲು" ಅಂತ ಹೇಳಿ ಪೂರ್ತಿ ಕೊಟ್ಟು ಹೋದರಂತೆ. ಇಷ್ಟೇ ಸಂಗತಿ. ಇದನ್ನು ಹೇಳುವಾಗ ಅಪ್ಪನ ದನಿ ಸಣ್ಣದಾಗುತ್ತಿತ್ತು.

ಈ ವರ್ಷ ಮಳೆಗಾಲದಲ್ಲಿ ಅದೇ ಸಂಗತಿ ನನಗೆ ಮತ್ತೆ ಸಿಕ್ಕಿತು, ಜರ್ಮನ್ ಭಾಷೆಯಲ್ಲಿ, ಪಿಯಾನೋ ಜೊತೆಗೆ.

ಸಿಕ್ಕಿದ್ದು ಹೀಗೆ. ನನ್ನ ಗೆಳೆಯನೊಬ್ಬನಿದ್ದ, ಧಾರವಾಡದವನು. ಒಂದೇ ಆಫೀಸು, ಅಕ್ಕಪಕ್ಕದ ಮೇಜು, ಹತ್ತೊಂಬತ್ತು ವರ್ಷ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಎದೆನೋವು ಅಂದ, ಮಧ್ಯಾಹ್ನಕ್ಕೆ ಇರಲಿಲ್ಲ. ಅವನ ಮಗಳು ಪಾಶ್ಚಾತ್ಯ ಸಂಗೀತ ಹಾಡಲು ಕಲಿಯುತ್ತಿದ್ದಾಳೆ. ಅಪ್ಪ ಧಾರವಾಡದಲ್ಲಿ ಹಿಂದೂಸ್ತಾನಿ ಕೇಳಿಕೊಂಡೇ ಬೆಳೆದವನು, ಮಗಳು ಬಾಂದ್ರಾಕ್ಕೆ ಹೋಗಿ ಶೂಬರ್ಟನ ಜರ್ಮನ್ ಹಾಡು ಕಲಿತಳು. ಅವನಿಗೆ ಅದರಲ್ಲಿ ಏನೂ ಬೇಸರವಿರಲಿಲ್ಲ, ಹೆಮ್ಮೆಯೇ ಇತ್ತು. ನಾನು ಮೂವತ್ತು ದಾಟಿದ ಮೇಲೆ ದಾದರ್ ಪಾರ್ಸಿ ಕಾಲೊನಿಯ ಒಬ್ಬ ಟೀಚರ ಹತ್ತಿರ ಪಿಯಾನೋ ಕಲಿತವನು. ಅದು ಅವಳಿಗೆ ಗೊತ್ತು. ಜುಲೈಯ ಒಂದು ಭಾನುವಾರ ಮಾಟುಂಗಾದ ನಮ್ಮ ಮನೆಗೆ ಒದ್ದೆ ಛತ್ರಿಯನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪುಸ್ತಕವನ್ನೂ ಹಿಡಿದುಕೊಂಡು ಬಂದಳು. "ಕಾಕಾ, ಪರೀಕ್ಷಾಕ್ಕ ಒಂದು ಹಾಡು ಅದ. ಪಿಯಾನೋ ನುಡಸ್ತೀರೇನ್ರಿ?"

ಪುಸ್ತಕ ಜರ್ಮನ್ ಸಂಗೀತಕಾರ ರಾಬರ್ಟ್ ಶೂಮಾನ್‌ನ ಓಪಸ್ 35, ಅಂದರೆ 35ನೆಯ ಸಂಖ್ಯೆಯ ಕೃತಿ. ಯುಸ್ಟಿನುಸ್ ಕೆರ್ನರ್ ಅನ್ನುವ ಕವಿಯ ಹನ್ನೆರಡು ಪದ್ಯಗಳಿಗೆ ಅವನು ಹಾಕಿದ ಸಂಗೀತ, ಹಾಡುವವರು ಒಬ್ಬರು, ಪಿಯಾನೋ ಒಂದು. ಅವಳಿಗೆ ಟೀಚರು ಕೊಟ್ಟಿದ್ದು ಮೂರನೆಯ ಹಾಡು, ಅಲೆಮಾರಿಯ ಹಾಡು. "ಏಳಿ, ಹೊಳೆಯುವ ಈ ವೈನನ್ನು ಇನ್ನೊಮ್ಮೆ ಕುಡಿಯೋಣ, ಹೋಗಿ ಬರ್ತೀನಿ ನನ್ನವರೇ, ಅಗಲಲೇಬೇಕು" ಅಂತ ಶುರುವಾಗುತ್ತದೆ. ಊರು ಬಿಟ್ಟು ಹೊರಟವನ ಖುಷಿ, ಪಿಯಾನೋದಲ್ಲಿ ಕಾಲು ಹಾಕುವ ಲಯ. ಜರ್ಮನರಿಗೆ ಈ ಪದ್ಯ ಬೇರೆ ಧಾಟಿಯಲ್ಲೂ ಬಾಯಿಪಾಠ, ಗುಂಪಾಗಿ ಹಾಡಿಕೊಳ್ಳುವ ಹಾಡು. ಚೆನ್ನಾಗಿದೆ. ನುಡಿಸಿದೆವು. ಅವಳು ಹೋದಳು, ಪುಸ್ತಕ ನನ್ನ ಹತ್ತಿರ ಬಿಟ್ಟಳು.

ರಾತ್ರಿ ಸುಮ್ನೆ ಪುಟ ತಿರುವುತ್ತಿದ್ದೆ. ಆರನೆಯ ಹಾಡಿನ ಹೆಸರು ನೋಡಿ ನಿಂತೆ. "ತೀರಿಹೋದ ಗೆಳೆಯನ ಕುಡಿಯುವ ಲೋಟಕ್ಕೆ."

ಇಪ್ಪತ್ತೇ ಸಾಲು, ನಾಲ್ಕು ನಾಲ್ಕರ ಐದು ಪದ್ಯ. ಮೊದಲನೆಯದರಲ್ಲಿ ಕವಿ ಲೋಟವನ್ನೇ ಮಾತಾಡಿಸುತ್ತಾನೆ. ಚಂದದ ಲೋಟವೇ, ಈಗ ಖಾಲಿ ನಿಂತಿದ್ದೀಯಲ್ಲ, ಅವನು ಎಷ್ಟು ಸಲ ಖುಷಿಯಿಂದ ನಿನ್ನನ್ನು ಎತ್ತಿದ್ದ, ಈಗ ಜೇಡ ನಿನ್ನ ಸುತ್ತ ಕಪ್ಪು ಪರದೆ ನೇಯ್ದಿದೆ. ಪರದೆ ಅನ್ನುವಲ್ಲಿ ಜರ್ಮನಿನಲ್ಲಿ ಫ್ಲೋರ್ ಅಂತ ಇದೆ, ಸಾವಿನ ಮನೆಯಲ್ಲಿ ತೊಡುವ ತೆಳು ಕಪ್ಪು ಬಟ್ಟೆಗೂ ಅದೇ ಮಾತು. ಅಂದರೆ ಮನುಷ್ಯರೆಲ್ಲ ತಂತಮ್ಮ ಕೆಲಸಕ್ಕೆ ಹೋದ ಮೇಲೆ ಸೂತಕ ಹಿಡಿದದ್ದು ಒಂದು ಜೇಡ. ಈ ಒಂದು ಸಾಲಿಗೆ ನಾನು ಆ ರಾತ್ರಿ ಎಷ್ಟು ಹೊತ್ತು ಕೂತೆನೋ.

ಯಾಕೆ ಅಂದರೆ, ನನ್ನ ಹತ್ತಿರವೂ ಅಂಥದ್ದೊಂದು ಲೋಟ ಇದೆ.

ಅವನಿಗೆ ಪೇಪರ್ ಕಪ್ಪಿನಲ್ಲಿ ಚಹಾ ಕುಡಿಯಲು ಆಗುತ್ತಿರಲಿಲ್ಲ. ಆಫೀಸಿನ ಡ್ರಾಯರಿನಲ್ಲಿ ತನ್ನದೇ ಸ್ಟೀಲ್ ಲೋಟ ಇಟ್ಟುಕೊಂಡಿದ್ದ. ನೌಕರಿ ಸಿಕ್ಕಿ ಮುಂಬಯಿಗೆ ಹೊರಟಾಗ ಅವನ ಅವ್ವ ಕೊಟ್ಟಿದ್ದು. ಪಾತ್ರೆ ಅಂಗಡಿಯಲ್ಲಿ ಮಷೀನಿನಿಂದ ಚುಕ್ಕೆ ಚುಕ್ಕೆಯಾಗಿ ಹೆಸರು ಕೆತ್ತಿಸುತ್ತಾರಲ್ಲ, ಹಾಗೆ ಅಂಚಿನ ಕೆಳಗೆ ಅವನ ಹೆಸರು, ಅಪ್ಪನ ಹೆಸರಿನ ಮೊದಲಕ್ಷರ, ಊರು. ಒಂದು ಕಡೆ ಸಣ್ಣ ತಗ್ಗು, ಯಾವಾಗಲೋ ಬಿದ್ದದ್ದು. ಮಧ್ಯಾಹ್ನ ಮೂರೂವರೆಗೆ ಅದನ್ನು ಹಿಡಿದುಕೊಂಡು ಎದ್ದು ನಿಲ್ಲುತ್ತಿದ್ದ. "ಏಳಲೇ ದೋಸ್ತ, ಚಾ ಕುಡ್ಯೂಣು ಬಾ." ಕೆಳಗೆ ರಸ್ತೆಬದಿಯ ಚಹಾದ ಟಪರಿಯಲ್ಲಿ ಎರಡು ಕಟಿಂಗ್, ಅಂದರೆ ಅರ್ಧರ್ಧ ಚಹಾ, ಹೇಳಿ, ತನ್ನದನ್ನು ಲೋಟಕ್ಕೆ ಸುರಿಸಿಕೊಳ್ಳುತ್ತಿದ್ದ. ಅರ್ಧ ಲೋಟವೂ ತುಂಬುತ್ತಿರಲಿಲ್ಲ. ಟಪರಿಯವನು ಆ ಲೋಟ ನೋಡಿ ಒಂದು ತೊಟ್ಟು ಜಾಸ್ತಿಯೇ ಹಾಕುತ್ತಿದ್ದ. ಹತ್ತೊಂಬತ್ತು ವರ್ಷ ನಾವಿಬ್ಬರು ಕುಡಿದದ್ದು ಇದೇ. ಆದರೆ ಅಪ್ಪನ ಆ ಇಬ್ಬರು ಗಿರಾಕಿಗಳಿಗೂ ನಮಗೂ ಏನು ವ್ಯತ್ಯಾಸ, ಹೇಳಿ? ಕುಡಿಯುವುದು ಏನು ಅನ್ನುವುದಲ್ಲ, ಎದುರಿಗೆ ಯಾರು ಅನ್ನುವುದು.

ಅವನು ಹೋದ ಮೇಲೆ ಮೇಜು ಖಾಲಿ ಮಾಡಿದವನು ನಾನೇ. ಡೈರಿ, ಬಾಚಣಿಗೆ, ಕನ್ನಡಕದ ಡಬ್ಬಿ, ಲೋಟ. ಮನೆಗೆ ಕೊಡಲು ಹೋದಾಗ ಅವನ ಹೆಂಡತಿ ಉಳಿದದ್ದೆಲ್ಲ ತೆಗೆದುಕೊಂಡು ಲೋಟ ಮಾತ್ರ ವಾಪಸ್ ಕೈಗಿಟ್ಟರು. "ಇದು ನಿಮ್ಮ ಹಂತೇಕನ ಇರ್ಲಿ ಅಣ್ಣಾ. ನಿಮ್ಮ ಜೋಡಿ ಇದ್ದದ್ದು." ನಾನು ಅದನ್ನು ಹಳೇ ಪೇಪರಿನಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟೆ. ಎರಡು ವರ್ಷ ಇಳಿಸಲಿಲ್ಲ.

ಆ ಪದ್ಯ ಓದಿದ ರಾತ್ರಿ ಸ್ಟೂಲ್ ಹಾಕಿ ಇಳಿಸಿದೆ. ಜೇಡರ ಬಲೆ ಇರಲಿಲ್ಲ. ಪೇಪರಿನ ಮೇಲೆಲ್ಲ ಧೂಳು. ಬಿಚ್ಚಿದರೆ ಒಳಗೆ ತಳದಲ್ಲಿ ಒಣಗಿದ ಚಹಾದ ಕಂದು ಉಂಗುರ. ಕೊನೆಯ ದಿನ ಅವನು ಅದನ್ನು ತೊಳೆದಿರಲಿಲ್ಲ, ನಾನೂ ತೊಳೆದಿರಲಿಲ್ಲ.

ಈಗ ಹಾಡಿನ ಬಗ್ಗೆ ಹೇಳುತ್ತೇನೆ. ಇದನ್ನು ಬರೆದ ಕೆರ್ನರ್ (1786–1862) ಹೊಟ್ಟೆಪಾಡಿಗೆ ಡಾಕ್ಟರು. ದಕ್ಷಿಣ ಜರ್ಮನಿಯ ವೈನ್ಸ್‌ಬರ್ಗ್ ಅನ್ನುವ ಸಣ್ಣ ಊರು, ಸುತ್ತ ದ್ರಾಕ್ಷಿ ಬೆಳೆಯುವ ಗುಡ್ಡಗಳು, ಅಲ್ಲಿ ಅವನ ಮನೆ. ಕವಿಗಳು, ದಾರಿಹೋಕರು ಬಂದು ಉಳಿಯುತ್ತಿದ್ದ ಮನೆ. ಆ ಕಾಲದಲ್ಲಿ ಅಲ್ಲಿಯ ಜನ ಕೆಟ್ಟ ಸಾಸೇಜು ತಿಂದು ಸಾಯುತ್ತಿದ್ದರು, ಯಾಕೆ ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. ಈತ ಒಂದೊಂದೇ ರೋಗಿಯ ಲಕ್ಷಣ ಬರೆದಿಟ್ಟು, ಆ ವಿಷವನ್ನು ತನ್ನ ಮೇಲೇ ಸ್ವಲ್ಪ ಪ್ರಯೋಗ ಮಾಡಿಕೊಂಡು, 1820ರಲ್ಲೂ 1822ರಲ್ಲೂ ಅದರ ಬಗ್ಗೆ ಪುಸ್ತಕ ಬರೆದ. ಇವತ್ತು ಬೊಟುಲಿಸಂ ಅನ್ನುವ ಕಾಯಿಲೆಯನ್ನು ಮೊದಲು ವಿವರವಾಗಿ ಬರೆದಿಟ್ಟವನು ಇವನೇ. ಸಾವನ್ನು ಅಷ್ಟು ಹತ್ತಿರದಿಂದ ನೋಡಿದ ಮನುಷ್ಯ ಸತ್ತ ಗೆಳೆಯನ ಬಗ್ಗೆ ಬರೆಯುವಾಗ ಹೆಣ, ಗೋರಿ, ಕಣ್ಣೀರು ಯಾವುದನ್ನೂ ತರುವುದಿಲ್ಲ. ಒಂದು ಲೋಟ ತರುತ್ತಾನೆ. ಇದಕ್ಕೇ ನನಗೆ ಅವನ ಮೇಲೆ ಅಷ್ಟು ಗೌರವ.

ಇನ್ನೊಂದು ಸಂಗತಿ, ನನ್ನ ಗೆಳೆಯ ಇದ್ದಿದ್ದರೆ ಬಹಳ ಖುಷಿಪಡುತ್ತಿದ್ದ. 1929ರಲ್ಲಿ ಅದೇ ವೈನ್ಸ್‌ಬರ್ಗಿನ ದ್ರಾಕ್ಷಿ ಸಂಸ್ಥೆಯವರು ರೀಸ್ಲಿಂಗ್ ಮತ್ತು ಟ್ರೋಲಿಂಗರ್ ಅನ್ನುವ ಎರಡು ದ್ರಾಕ್ಷಿಗಳನ್ನು ಕೂಡಿಸಿ ಒಂದು ಹೊಸ ತಳಿ ಮಾಡಿದರು. ಅದರಿಂದ ಬಿಳಿ ವೈನ್ ಮಾಡುತ್ತಾರೆ. ಆ ತಳಿಗೆ ಇಟ್ಟ ಹೆಸರು ಕೆರ್ನರ್. ಕುಡಿಯುವ ಹಾಡು ಬರೆದವನ ಹೆಸರು ಬಳ್ಳಿಗೇ ಬಂತು.

ಶೂಮಾನ್ ಈ ಹಾಡು ಮಾಡಿದ್ದು 1840ರ ಕೊನೆಯಲ್ಲಿ. ಆ ವರ್ಷದ ಕಥೆ ಸಂಗೀತ ಪ್ರಿಯರಿಗೆ ಗೊತ್ತು. ಅಲ್ಲಿಯವರೆಗೆ ಹೆಚ್ಚುಕಡಿಮೆ ಪಿಯಾನೋಗೆ ಮಾತ್ರ ಬರೆಯುತ್ತಿದ್ದವನು ಆ ಒಂದೇ ವರ್ಷದಲ್ಲಿ ನೂರಕ್ಕೂ ಹೆಚ್ಚು ಹಾಡು ಬರೆದ. ತಾನು ಪ್ರೀತಿಸಿದ ಕ್ಲಾರಾಳ ಅಪ್ಪನ ಜೊತೆ ಕೋರ್ಟಿನಲ್ಲಿ ಹೋರಾಡಿ, ಕೊನೆಗೆ ಸೆಪ್ಟೆಂಬರ್ 12ರಂದು, ಅವಳಿಗೆ 21 ತುಂಬುವ ಹಿಂದಿನ ದಿನ, ಮದುವೆಯಾದ. ಮದುವೆಯಾಗಿ ಎರಡು ಮೂರು ತಿಂಗಳು, ಮನೆ ತುಂಬ ಸಂತೋಷ, ಆಗ ಕೂತು ತೀರಿಹೋದ ಗೆಳೆಯನ ಲೋಟದ ಹಾಡು ಬರೆದಿದ್ದಾನೆ. ನನಗೆ ಲುಡ್ವಿಗ್ ಶುಂಕೆ ನೆನಪಾಗುತ್ತಾನೆ. ಅವನು ಪಿಯಾನೋ ನುಡಿಸುವವನು, ಲೈಪ್ಜಿಗ್‌ನಲ್ಲಿ ಶೂಮಾನ್ ಜೊತೆ ಒಂದೇ ಮನೆಯಲ್ಲಿ ಇದ್ದವನು, ಇಬ್ಬರೂ ಇನ್ನೂ ಕೆಲವರ ಜೊತೆ ಸೇರಿ ಸಂಗೀತ ಪತ್ರಿಕೆ ಶುರು ಮಾಡಿದ್ದರು. 1834ರ ಡಿಸೆಂಬರಿನಲ್ಲಿ ಕ್ಷಯದಿಂದ ಸತ್ತ, ಆಗ ವಯಸ್ಸು 23. ಈ ಹಾಡು ಅವನಿಗೇ ಅಂತ ನಾನು ಹೇಳುವುದಿಲ್ಲ. ಆದರೆ ಒಂದೇ ಮನೆಯಲ್ಲಿ ಇದ್ದ ಇಬ್ಬರು ಹುಡುಗರು ಎಷ್ಟು ಗ್ಲಾಸು ಎತ್ತಿರಬಹುದು ಅಂತ ಯೋಚಿಸದೆ ನನಗೆ ಇದನ್ನು ನುಡಿಸಲು ಆಗುವುದಿಲ್ಲ.

ನುಡಿಸುವವರಿಗೆ ಹೇಳುತ್ತೇನೆ, ಬೆರಳಿಗೆ ಇದು ಕಷ್ಟದ ಹಾಡಲ್ಲ. ಈ-ಫ್ಲ್ಯಾಟ್ ಮೇಜರ್ ಅನ್ನುವ ಶ್ರುತಿ, ನಿಧಾನ, ಚರ್ಚಿನಲ್ಲಿ ಎಲ್ಲರೂ ಕೂಡಿ ಹಾಡುವ ಪ್ರಾರ್ಥನೆಯ ಹಾಗೆ ತುಂಬಿದ, ಭಾರವಾದ ಸ್ವರಗುಚ್ಛಗಳು. ಕುಡಿಯುವ ಹಾಡಿಗೆ ಪ್ರಾರ್ಥನೆಯ ನಡಿಗೆ ಹಾಕಿದ್ದಾನೆ ನೋಡಿ. ಲೋಟವನ್ನು ದೇವರ ಪಾತ್ರೆಯ ಹಾಗೆ ಎರಡೂ ಕೈಯಲ್ಲಿ ಹಿಡಿದ ಹಾಗೆ ಕೇಳುತ್ತದೆ. ನಮ್ಮಲ್ಲಿ ಹಾಡಿಗೆ ತಬಲಾ, ಹಾರ್ಮೋನಿಯಂ ಸಾಥ್ ಕೊಡುತ್ತವೆ, ಹಾಡುವವರು ಮುಂದೆ, ಸಾಥಿಯವರು ಹಿಂದೆ. ಈ ಜರ್ಮನ್ ಹಾಡುಗಳಲ್ಲಿ ಹಾಗಲ್ಲ. ಹಾಡುವವರಿಗೆ ಗೊತ್ತಿಲ್ಲದ್ದು ಪಿಯಾನೋಗೆ ಗೊತ್ತಿರುತ್ತದೆ. ಗೆಳೆಯ ಒಂದು ಸಲ ಕೇಳಿದ್ದ, "ಮೂರು ನಾಲ್ಕು ನಿಮಿಷದಾಗ ಏನ್ ಹಾಡ್ತಾರಲೇ? ನಮ್ಮಾಗ ಷಡ್ಜ ಹಚ್ಚೂದಕ್ಕ ಅಷ್ಟು ಹೊತ್ತು ಬೇಕು." ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ, ಆ ಹಾಡಿನ ಮೂರನೆಯ ಪದ್ಯ.

ಎರಡನೆಯದರಲ್ಲಿ ಲೋಟಕ್ಕೆ ವೈನ್ ತುಂಬುತ್ತಾನೆ, ಜರ್ಮನ್ ಬಳ್ಳಿಯ ಬಂಗಾರ, ಬೆಳದಿಂಗಳಷ್ಟು ತಿಳಿ. ಭಕ್ತಿಯಿಂದ ನಡುಗುತ್ತಾ ಅದರ ಆಳಕ್ಕೆ ಇಣುಕುತ್ತಾನೆ. ಮೂರನೆಯದರಲ್ಲಿ ಹೇಳುತ್ತಾನೆ, ನಿನ್ನ ತಳದಲ್ಲಿ ನಾನು ಕಂಡದ್ದನ್ನು ಎಲ್ಲರ ಮುಂದೆ ಹೇಳುವಂತಿಲ್ಲ, ಆದರೆ ಈ ಗಳಿಗೆಯಲ್ಲಿ ನನಗೆ ತಿಳಿಯಿತು, ಗೆಳೆಯನನ್ನು ಗೆಳೆಯನಿಂದ ಯಾವುದೂ ಬೇರೆ ಮಾಡಲಾರದು. ಇಲ್ಲಿ ಪಿಯಾನೋ ಅಲ್ಲಿಯವರೆಗೆ ಹಿಡಿದ ದಾರಿಯನ್ನು ಬಿಡುತ್ತದೆ. ಗಟ್ಟಿ ನೆಲದ ಮೇಲೆ ನಡೆಯುತ್ತಿದ್ದ ಸ್ವರಗಳು ಎಲ್ಲೋ ದೂರಕ್ಕೆ, ಗುರುತಿಲ್ಲದ ಕಡೆಗೆ ಹೋಗುತ್ತವೆ. ಏನು ಕಂಡ ಅಂತ ಪದ್ಯ ಹೇಳುವುದಿಲ್ಲ, ಹೇಳುವುದಿಲ್ಲ ಅಂತಲೇ ಹೇಳುತ್ತದೆ, ಕಂಡದ್ದು ಇರುವುದು ಪಿಯಾನೋದಲ್ಲಿ. ಬಲವಾಗಿ ನುಡಿಸಿದರೆ ಕೆಡುತ್ತದೆ. ಹೆದರಿ ನುಡಿಸಿದರೂ ಕೆಡುತ್ತದೆ. ನಾನು ತಿಂಗಳುಗಟ್ಟಲೆ ಆ ಕೆಲವು ಸಾಲುಗಳಲ್ಲೇ ಇದ್ದೆ.

ನಾಲ್ಕನೆಯದರಲ್ಲಿ ಆ ನಂಬಿಕೆಯ ಹೆಸರಿನಲ್ಲಿ ಲೋಟವನ್ನು ಎತ್ತಿ ಪೂರ್ತಿ ಕುಡಿಯುತ್ತಾನೆ. ಆಮೇಲೆ ಕೊನೆಯದು. ಚಂದ್ರ ಸದ್ದಿಲ್ಲದೆ ಕಣಿವೆಯ ಉದ್ದಕ್ಕೂ ಹೋಗುತ್ತಾನೆ, ನಡುರಾತ್ರಿಯ ಗಂಟೆ ಹೊಡೆಯುತ್ತದೆ, ಲೋಟ ಖಾಲಿ, ಅದರ ಗಾಜಿನ ತಳದಲ್ಲಿ ಆ ದನಿ ಇನ್ನೂ ಕೇಳುತ್ತಿದೆ.

ಪಿಯಾನೋ ಒಂದು ವಿಚಿತ್ರ ವಾದ್ಯ. ಪಿಟೀಲಿನಲ್ಲಿ ಕಮಾನು ಎಳೆಯುವವರೆಗೆ ಸ್ವರ ಇರುತ್ತದೆ. ಹಾರ್ಮೋನಿಯಂನಲ್ಲಿ ಗಾಳಿ ಇರುವವರೆಗೆ. ಪಿಯಾನೋದಲ್ಲಿ ಸುತ್ತಿಗೆ ತಂತಿಗೆ ಬಡಿದ ಕ್ಷಣದಿಂದಲೇ ಸ್ವರ ಸಾಯಲು ಶುರು. ಪೆಡಲ್ ಒತ್ತಿ ತಂತಿಯ ಮೇಲಿನ ತಡೆಯನ್ನು ಎತ್ತಿ ಹಿಡಿದರೆ ಇನ್ನಷ್ಟು ಹೊತ್ತು ಉಳಿಯುತ್ತದೆ, ಅಷ್ಟೇ. ಒಂದು ಗ್ಲಾಸಿಗೆ ಚಮಚದಿಂದ ತಟ್ಟಿದಾಗಲೂ ಆಗುವುದು ಇದೇ ಅಲ್ವಾ? ಬಡಿತ ಒಂದು, ಉಳಿದದ್ದೆಲ್ಲ ಅನುರಣನ. ಕೊನೆಯ ಸಾಲಿನಲ್ಲಿ ಆ ದನಿ ಉಳಿದಿದೆ ಅಂತ ಹಾಡುವವರು ಹೇಳಿ ಮುಗಿಸುತ್ತಾರೆ, ಅದು ಉಳಿದಿರುವುದು ನನ್ನ ಕೈಕೆಳಗೆ, ನನ್ನ ಬಲಗಾಲಿನ ಕೆಳಗೆ. ಕಾಲು ಎತ್ತಲು ಮನಸ್ಸೇ ಬರುವುದಿಲ್ಲ.

ಇದನ್ನು ಅವಳಿಗೆ ತೋರಿಸಬೇಕೋ ಬೇಡವೋ ಅಂತ ಮೂರು ವಾರ ಯೋಚಿಸಿದೆ. ಅಪ್ಪನನ್ನು ಕಳೆದುಕೊಂಡ ಹುಡುಗಿಯ ಮುಂದೆ ಇದನ್ನು ಇಡಬಹುದಾ? ಕೊನೆಗೆ ಆಗಸ್ಟಿನ ಒಂದು ಭಾನುವಾರ ಅಲೆಮಾರಿಯ ಹಾಡು ಮುಗಿದ ಮೇಲೆ ಆರನೆಯ ಹಾಡಿನ ಪುಟ ತೆರೆದು ಸ್ಟ್ಯಾಂಡಿನ ಮೇಲೆ ಇಟ್ಟೆ. ಅವಳಿಗೆ ಜರ್ಮನ್ ಅಷ್ಟಿಷ್ಟು ಬರುತ್ತದೆ. ಹೆಸರು ಓದಿದಳು. ಏನೂ ಹೇಳಲಿಲ್ಲ. ಮೊದಲ ಸಾಲು ಓದಿ, "ಗ್ಲಾಸ್ ಅಂದ್ರ ಗ್ಲಾಸ ಅದ ಕಾಕಾ" ಅಂದಳು. ಹೌದು, ಆ ಒಂದು ಮಾತನ್ನು ಯಾರೂ ಅನುವಾದ ಮಾಡಬೇಕಿಲ್ಲ. ಬಂಗಾರ ಅನ್ನುವಲ್ಲಿ ನಿಂತು ವೈನ್ ಕೆಂಪಿರಂಗಿಲ್ಲೇನ್ರಿ ಅಂತ ಕೇಳಿದಳು. ಬಿಳಿ ವೈನ್, ಬೆಳಕಿಗೆ ಹಿಡಿದರೆ ಬಂಗಾರ ಅಂದೆ. ಕೆರ್ನರ್ ದ್ರಾಕ್ಷಿಯ ಕಥೆ ಹೇಳಿದೆ. ನಕ್ಕಳು, ಅಪ್ಪನ ಹಾಗೆಯೇ, ತಲೆ ಒಂದು ಕಡೆ ವಾಲಿಸಿ.

ಮೊದಲ ಸಲ ಓದಿಕೊಂಡು ಹಾಡಿದಳು. ಎರಡನೆಯ ಪದ್ಯದವರೆಗೆ ಸರಿಯಾಗಿ ಬಂತು. ಮೂರನೆಯದರಲ್ಲಿ ಸ್ವರ ತಪ್ಪಿತು, ನಿಂತಳು. ಹೊರಗೆ ಮಳೆ ಜೋರಾಗಿತ್ತು, ಕಿಟಕಿಯ ಸಜ್ಜಾದ ಮೇಲೆ ಬೀಳುತ್ತಿತ್ತು. ನಾನು ಎದ್ದು ಲೋಟ ತಂದು ಅವಳ ಕೈಯಲ್ಲಿ ಇಟ್ಟೆ. ಅವಳು ಅದನ್ನು ತಿರುಗಿಸಿ ಚುಕ್ಕೆ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದಳು. ಹೆಸರು, ಮೊದಲಕ್ಷರ, ಊರು. ತಗ್ಗಿನ ಹತ್ತಿರ ಬಂದಾಗ, "ಇದು ನಾ ಕೆಡವಿದ್ದು, ಸಣ್ಣಾಕಿ ಇದ್ದಾಗ" ಅಂದಳು. ಹತ್ತೊಂಬತ್ತು ವರ್ಷ ನಾನು ನೋಡಿದ ತಗ್ಗು. ಯಾರು ಕೆಡವಿದ್ದು ಅಂತ ಅವನು ಒಂದು ದಿನವೂ ಹೇಳಿರಲಿಲ್ಲ.

ಒಳಗೆ ಇಣುಕಿ ನೋಡಿ ಉಂಗುರ ಕಂಡಳು. ಕೇಳಲಿಲ್ಲ, ಅರ್ಥವಾಯಿತು ಅಂತ ಕಾಣುತ್ತದೆ. ಅಡಿಗೆಮನೆಗೆ ಹೋದಳು. ನಲ್ಲಿಯ ಸದ್ದು ಕೇಳಿತು, ಆಮೇಲೆ ಗ್ಯಾಸಿನ ಸದ್ದು, ಶುಂಠಿ ಜಜ್ಜಿದ ಸದ್ದು. ನನ್ನ ಹೆಂಡತಿ ಒಳಗಿಂದ ಏನೋ ಹೇಳಿದಳು, ಅವಳು ಏನೋ ಹೇಳಿದಳು. ಲೋಟದ ತುಂಬ ಚಹಾ ತಂದಳು, ಅಂಚಿನವರೆಗೆ, ಟಪರಿಯವನು ಯಾವತ್ತೂ ತುಂಬಿಸದಷ್ಟು. ಮೊದಲು ನನಗೆ ಕೊಟ್ಟಳು. ನಾನು ಅರ್ಧ ಕುಡಿದು ಅವಳಿಗೆ ಕೊಟ್ಟೆ. ಸ್ಟೀಲ್ ಸುಡುತ್ತಿತ್ತು, ದುಪಟ್ಟಾದ ತುದಿಯಲ್ಲಿ ಹಿಡಿದುಕೊಂಡು ಉಳಿದದ್ದನ್ನು ಮುಗಿಸಿದಳು. ಪಿಯಾನೋ ಮೇಲೆ ಇಟ್ಟಾಗ ಟಣ್ ಅಂತು.

"ಕಾಕಾ, ಮೂರನೇದರಿಂದ ತಗೋಳ್ರಿ" ಅಂದಳು. "ಸ್ವಲ್ಪ ನಿಧಾನ."